ತೆರೆದ ಟಂಗ್‌ಸ್ಟನ್ ಗಣಿಯಲ್ಲಿ ಇನ್‌ಫಿಲ್ ಡ್ರಿಲ್ಲಿಂಗ್ ಮತ್ತು ಗ್ರೇಡ್ ಕಂಟ್ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೂರಿನ ಕಬ್ಬಿಣದ ಗಣಿಯಲ್ಲೋ ಹಟ್ಟಿಯ ಚಿನ್ನದ ಗಣಿಯಲ್ಲೋ ಕೆಲಸ ಕಲಿತು ಹೊರದೇಶದ ಟಂಗ್‌ಸ್ಟನ್ ಗಣಿಯತ್ತ ಕಣ್ಣಿಟ್ಟಿರುವವರು, ಭೂವಿಜ್ಞಾನ ಓದುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಹೆಚ್ಚಾಗಿ ಮೂರು ಗಣಿಗಳವು: ಸ್ಪೇನ್‌ನ ಸಲಮಾಂಕಾ ಪ್ರಾಂತ್ಯದ ಬರ್ರುಯೆಕೊಪಾರ್ದೊ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೇರ್ನ್ಸ್ ಊರಿನ ವಾಯವ್ಯಕ್ಕಿರುವ ಮೌಂಟ್ ಕಾರ್ಬೈನ್, ಇಂಗ್ಲೆಂಡಿನ ಡೆವನ್‌ನಲ್ಲಿ ಪ್ಲಿಮತ್ ಬಳಿಯ ಹೆಮರ್ಡನ್. ಮೂರರಲ್ಲೂ ಅದಿರು ಕೂತಿರುವುದು ಒಂದರ ಪಕ್ಕ ಒಂದು ಸಾಲಾಗಿ ನಿಂತ ತೆಳ್ಳನೆಯ ಬೆಣಚುಕಲ್ಲಿನ ಎಳೆಗಳಲ್ಲಿ. ಇದನ್ನು ನೆನಪಿಟ್ಟುಕೊಂಡು ಓದಿದರೆ ಮುಂದಿನ ಉತ್ತರಗಳಲ್ಲಿ ಅರ್ಧ ತಾವೇ ಹೊಳೆಯುತ್ತವೆ.

ಇನ್‌ಫಿಲ್ ಡ್ರಿಲ್ಲಿಂಗ್ ಅಂದರೆ ಏನು?

ಶೋಧನೆಯ ಕಾಲದಲ್ಲಿ ದೂರ ದೂರ ಹಾಕಿದ ಬೋರ್‌ಗಳ ನಡುವಿನ ಜಾಗದಲ್ಲಿ ಮತ್ತೆ ಬೋರ್ ಹಾಕುವುದು. ಮೊದಲು 100 ಮೀಟರಿಗೊಂದು ಸಾಲು ಇದ್ದರೆ ಮುಂದೆ 50 ಮೀಟರಿಗೆ, ಅಗತ್ಯ ಕಂಡರೆ 25 ಮೀಟರಿಗೆ ಬರುತ್ತಾರೆ. ಹೊಸ ಅದಿರು ಹುಡುಕುವುದು ಇದರ ಮುಖ್ಯ ಕೆಲಸವಲ್ಲ. ಇದೆ ಎಂದುಕೊಂಡ ಅದಿರು ನಿಜಕ್ಕೂ ಒಂದು ಬೋರಿನಿಂದ ಇನ್ನೊಂದಕ್ಕೆ ಹರಿದಿದೆಯೇ, ನಡುವೆ ಕಡಿದುಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು.

ಅದಿರಿನ ಲೆಕ್ಕವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ ಆಸ್ಟ್ರೇಲಿಯಾದ ಜೋರ್ಕ್ ಸಂಹಿತೆಯಲ್ಲಿ ಸಂಪನ್ಮೂಲಕ್ಕೆ ಖಾತ್ರಿ ಹೆಚ್ಚುತ್ತಾ ಹೋಗುವ ಮೂರು ಮೆಟ್ಟಿಲು: ಇನ್ಫರ್ಡ್, ಇಂಡಿಕೇಟೆಡ್, ಮೆಶರ್ಡ್. ಇನ್ಫರ್ಡ್ ಮಟ್ಟದಲ್ಲಿ ಉಳಿದ ಅದಿರನ್ನು ಗಣಿಯ ರಿಸರ್ವ್ (ಲಾಭಕ್ಕೆ ಅಗೆಯಬಹುದಾದ ಅದಿರು) ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸಾಲ ಕೊಡುವ ಬ್ಯಾಂಕಿನವರು ಇನ್‌ಫಿಲ್ ವರದಿಗಾಗಿ ಕಾಯುವುದು ಇದಕ್ಕೇ.

ಹಾಗಾದರೆ ಗ್ರೇಡ್ ಕಂಟ್ರೋಲ್ ಡ್ರಿಲ್ಲಿಂಗ್ ಅದರದ್ದೇ ಇನ್ನೊಂದು ಹೆಸರೇ?

ಅಲ್ಲ. ಗ್ರೇಡ್ ಎಂದರೆ ಕಲ್ಲಿನಲ್ಲಿ ಬೇಕಾದ ಪದಾರ್ಥ ಶೇಕಡ ಎಷ್ಟಿದೆ ಎಂಬ ಲೆಕ್ಕ. ಎರಡಕ್ಕೂ ಒಂದೇ ರಿಗ್ (ಕೊರೆಯುವ ಯಂತ್ರ) ಬಳಸಬಹುದು, ಆದರೆ ಕೇಳುವ ಪ್ರಶ್ನೆ ಬೇರೆ. ಮುಂದಿನ ಕೆಲವು ವರ್ಷಗಳಲ್ಲಿ ಈ ಗುಂಡಿಯಿಂದ ಎಷ್ಟು ಸಿಗುತ್ತದೆ ಎಂಬುದು ಇನ್‌ಫಿಲ್‌ನ ಪ್ರಶ್ನೆ. ನಾಳಿದ್ದು ಬ್ಲಾಸ್ಟ್ ಆಗುವ ಬೆಂಚಿನ (ಗುಂಡಿಯ ಒಂದು ಮೆಟ್ಟಿಲಿನ) ಈ ಮೂಲೆಯ ಕಲ್ಲು ತುಂಬಿದ ಡಂಪರ್ ಕ್ರಷರ್ ಕಡೆ ತಿರುಗಬೇಕೇ, ವೇಸ್ಟ್ ಡಂಪ್ ಕಡೆಯೇ ಎಂಬುದು ಗ್ರೇಡ್ ಕಂಟ್ರೋಲ್‌ನ ಪ್ರಶ್ನೆ. ಅದಕ್ಕೇ ಅಲ್ಲಿ ಬೋರ್‌ಗಳ ಅಂತರ 10 ಮೀಟರ್ ಆಸುಪಾಸಿಗೆ ಇಳಿಯುತ್ತದೆ.

ಇನ್‌ಫಿಲ್‌ನಲ್ಲಿ ತಪ್ಪಾದರೆ ಯೋಜನೆ ತಪ್ಪುತ್ತದೆ, ತಿದ್ದಲು ಸಮಯವಿರುತ್ತದೆ. ಗ್ರೇಡ್ ಕಂಟ್ರೋಲ್‌ನಲ್ಲಿ ತಪ್ಪಿದರೆ ಒಳ್ಳೆಯ ಅದಿರು ವೇಸ್ಟ್ ಡಂಪಿನ ಅಡಿ ಸೇರಿಹೋಗುತ್ತದೆ. ಬರಡು ಕಲ್ಲಂತೂ ಪ್ಲಾಂಟಿಗೆ ಹೋಗಿ ಪುಡಿಯಾಗಿ, ಕರೆಂಟು ತಿಂದು, ಏನೂ ಕೊಡದೆ ಟೇಲಿಂಗ್ಸ್ (ಪ್ಲಾಂಟಿನಿಂದ ಹೊರಬೀಳುವ ತ್ಯಾಜ್ಯ) ಆಗುತ್ತದೆ.

ಶೇ 0.2 ಗ್ರೇಡ್ ಎಂದರೆ ಅದೂ ಒಂದು ಅದಿರೇ?

ಕಬ್ಬಿಣದ ಅದಿರಿನಲ್ಲಿ ಶೇ 60ರ ಮಾತು ಕೇಳಿ ಬೆಳೆದವರಿಗೆ ನಗು ಬರುವುದು ಸಹಜ. ಟಂಗ್‌ಸ್ಟನ್‌ನಲ್ಲಿ ಗ್ರೇಡ್ ಹೇಳುವುದು ಲೋಹದ ಲೆಕ್ಕದಲ್ಲಲ್ಲ, ಟಂಗ್‌ಸ್ಟನ್ ಟ್ರೈಆಕ್ಸೈಡ್ ಲೆಕ್ಕದಲ್ಲಿ. ಶೇ 0.2 ಎಂದರೆ ಟನ್ ಕಲ್ಲಿನಲ್ಲಿ 2 ಕಿಲೊ ಟ್ರೈಆಕ್ಸೈಡ್. 100 ಟನ್ ಡಂಪರ್‌ನಲ್ಲಿ 200 ಕಿಲೊ. ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು 'ಮೆಟ್ರಿಕ್ ಟನ್ ಯೂನಿಟ್'ಗೆ, ಅಂದರೆ 10 ಕಿಲೊ ಟ್ರೈಆಕ್ಸೈಡಿಗೆ. ಆ ಡಂಪರ್‌ನಲ್ಲಿ ಅಂಥ 20 ಯೂನಿಟ್ ಕೂತಿವೆ. ತೆರೆದ ಗಣಿಗಳಲ್ಲಿ ಶೇ 0.1ರಿಂದ 0.3ರ ಆಸುಪಾಸಿನ ಗ್ರೇಡ್ ತೀರಾ ಮಾಮೂಲು.

ಕಟ್-ಆಫ್ ಗ್ರೇಡ್ ಲೆಕ್ಕ ಹಾಕುವುದು ಹೇಗೆ?

ಒಂದು ಕಲ್ಪಿತ ಲೆಕ್ಕ ನೋಡಿ. ಒಂದು ಟನ್ ಕಲ್ಲನ್ನು ಪ್ಲಾಂಟಿನಲ್ಲಿ ಸಂಸ್ಕರಿಸಲು 15 ಡಾಲರ್ ಖರ್ಚು. ಯೂನಿಟ್‌ಗೆ ಕೈಗೆ ಬರುವುದು 250 ಡಾಲರ್. ಅದಿರಿನಲ್ಲಿ ಇರುವುದರ ಪೈಕಿ ಶೇ 75 ಮಾತ್ರ ಕಾನ್ಸಂಟ್ರೇಟ್‌ಗೆ (ಖನಿಜವನ್ನು ಬೇರ್ಪಡಿಸಿ ಮಾರುವ ಸಾಂದ್ರ ಪುಡಿಗೆ) ಬರುತ್ತದೆ. 250ರ ಮುಕ್ಕಾಲು 187.5, 15ನ್ನು ಅದರಿಂದ ಭಾಗಿಸಿದರೆ 0.08 ಯೂನಿಟ್, ಅಂದರೆ ಟನ್‌ಗೆ 0.8 ಕಿಲೊ, ಶೇ 0.08. ಅದಕ್ಕಿಂತ ಕೆಳಗಿನದು ವೇಸ್ಟ್.

ಕಲ್ಲು ಅಗೆಯುವ ಖರ್ಚನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳುತ್ತಾರೆ. ಗುಂಡಿಯ ಗಡಿ ತೀರ್ಮಾನವಾದ ಮೇಲೆ ಆ ಕಲ್ಲನ್ನು ಹೇಗೂ ಎತ್ತಲೇಬೇಕು; ಡಂಪರ್ ಯಾವ ಕಡೆ ತಿರುಗಬೇಕು ಎಂಬ ತೀರ್ಮಾನದಲ್ಲಿ ಅದು ಎರಡೂ ಕಡೆ ಒಂದೇ.

ಬೋರ್‌ಗಳನ್ನು ಓರೆಯಾಗಿ ಕೊರೆಯುವುದೇಕೆ? ನೇರ ಕೊರೆದರೆ ಸುಲಭವಲ್ಲವೇ?

ಸುಲಭ ಹೌದು, ಅದೇ ತೊಂದರೆ. ಮೇಲೆ ಹೇಳಿದ ಗಣಿಗಳಲ್ಲಿ ಬೆಣಚಿನ ಎಳೆಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ನೆಟ್ಟಗೆ ನಿಂತ ಎಳೆಗಳ ನಡುವೆ ನೆಟ್ಟಗೆ ಬೋರ್ ಇಳಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಎರಡು ಎಳೆಗಳ ನಡುವೆ ಬೋರ್ ಕೆಳಗಿಳಿದು ಇಡೀ ಉದ್ದಕ್ಕೂ ಬರಡು ಕಲ್ಲೇ ಸಿಗಬಹುದು. ಇಲ್ಲವೇ ಒಂದು ಎಳೆಯೊಳಗೇ ಉದ್ದಕ್ಕೆ ಇಳಿದು, ನಾಲ್ಕು ಬೆರಳು ದಪ್ಪದ ಎಳೆಯನ್ನು ಹತ್ತು ಮೀಟರ್ ದಪ್ಪದ ಅದಿರು ಎಂದು ತೋರಿಸಬಹುದು. ಎರಡೂ ಸುಳ್ಳು. ಎರಡನೆಯ ಸುಳ್ಳು ಕೇಳಲು ಹಿತವಾಗಿರುವುದರಿಂದ ಹೆಚ್ಚು ಅಪಾಯಕಾರಿ.

ಅದರ ಬದಲು ನೆಲದ ಮಟ್ಟಕ್ಕೆ 60 ಡಿಗ್ರಿ ಓರೆಯಲ್ಲಿ, ಎಳೆಗಳ ಸಾಲಿಗೆ ಅಡ್ಡವಾಗಿ 20 ಮೀಟರ್ ಕೊರೆಯಿರಿ. ಬೋರ್ ಅಡ್ಡಕ್ಕೆ 10 ಮೀಟರ್ ಸಾಗುತ್ತದೆ. ಮೀಟರಿಗೊಂದು ಎಳೆ ಇದ್ದರೆ ಹತ್ತನ್ನು ದಾಟುತ್ತದೆ. ಒಂದೇ ಎಳೆಯ ಅದೃಷ್ಟದ ಮೇಲೆ ನಿಲ್ಲದೆ ಹತ್ತರ ಸರಾಸರಿ ಸಿಗುತ್ತದೆ.

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನೇ ಓದಿ ಎನ್ನುತ್ತೇನೆ. ಬೋರ್‌ಗಳ ಸಂಖ್ಯೆ ಹೆಚ್ಚಿಸಿ ಎಂದು ಆಡಳಿತದವರನ್ನು ಒಪ್ಪಿಸುವುದು ಸುಲಭ, ಮೀಟರ್ ಲೆಕ್ಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ತಪ್ಪು ದಿಕ್ಕಿನಲ್ಲಿ ಎರಡರಷ್ಟು ಕೊರೆದರೆ ಅದೇ ತಪ್ಪು ಎರಡು ಸಲ ಬರುತ್ತದೆ, ಅಷ್ಟೆ. ಹೊಸ ಬೆಂಚ್ ತೆರೆದಾಗಲೆಲ್ಲ ಗೋಡೆಯ ಮೇಲೆ ಕಾಣುವ ಎಳೆಗಳ ದಿಕ್ಕು, ಓರೆ, ದಪ್ಪ, ಮೀಟರಿಗೆ ಎಷ್ಟು ಎಂದು ದಿಕ್ಸೂಚಿ ಹಿಡಿದು ಬರೆದುಕೊಳ್ಳುವ ಭೂವಿಜ್ಞಾನಿಯ ನೋಟ್‌ಬುಕ್ಕಿಗೆ ಇಂಥ ಗಣಿಯಲ್ಲಿ ರಿಗ್‌ನಷ್ಟೇ ಬೆಲೆ.

ಬ್ಲಾಸ್ಟಿಂಗ್‌ಗೆ ಹೇಗೂ ತೂತು ಕೊರೆಯುತ್ತೀರಿ. ಅದರ ಪುಡಿಯನ್ನೇ ಲ್ಯಾಬಿಗೆ ಕಳಿಸಿದರಾಗದೇ?

ಬಹಳ ಗಣಿಗಳಲ್ಲಿ ಹಾಗೇ ಮಾಡುತ್ತಾರೆ, ಅಗ್ಗವೂ ಹೌದು. ಇಲ್ಲಿ ಅದಕ್ಕೆ ಎರಡು ಅಡ್ಡಿ. ಒಂದು, ಬ್ಲಾಸ್ಟ್ ತೂತುಗಳು ಸಾಮಾನ್ಯವಾಗಿ ನೆಟ್ಟಗಿರುತ್ತವೆ. ಮೇಲಿನ ಕಥೆಯೇ ಮತ್ತೆ. ಎರಡು, ಬಾಯಿಯ ಸುತ್ತ ಗುಡ್ಡೆ ಬೀಳುವ ಪುಡಿಯಲ್ಲಿ ನುಣುಪು ಧೂಳು ಗಾಳಿಗೆ ಹಾರುತ್ತದೆ, ಭಾರದ ಕಾಳು ಕೆಳಗೆ ಕೂರುತ್ತದೆ. ಟಂಗ್‌ಸ್ಟನ್‌ನ ಎರಡು ಮುಖ್ಯ ಖನಿಜಗಳಲ್ಲಿ ಶೀಲೈಟ್‌ನ ಸಾಂದ್ರತೆ 6ರ ಹತ್ತಿರ, ವೋಲ್ಫ್ರಮೈಟ್‌ನದು 7ರ ಮೇಲೆ. ಸುತ್ತಲಿನ ಕಲ್ಲಿನದು 2.7. ಗುಡ್ಡೆಯ ಮೇಲಿಂದ ಸಲಿಕೆಯಲ್ಲಿ ಎತ್ತಿದ ಸ್ಯಾಂಪಲ್ ಗುಡ್ಡೆಯ ಪ್ರತಿನಿಧಿಯಲ್ಲ. ಇದರ ಜೊತೆಗೆ ಫಲಿತಾಂಶ ಕೈಗೆ ಬರುವ ಹೊತ್ತಿಗೆ ಸ್ಫೋಟಕ ತುಂಬುವವರು ಬಂದು ನಿಂತಿರುತ್ತಾರೆ. ಎರಡು ಮೂರು ಬೆಂಚಿನ ಆಳಕ್ಕೆ ಮೊದಲೇ ಓರೆ ಬೋರ್ ಹಾಕಿಟ್ಟರೆ ಈ ಅವಸರ ತಪ್ಪುತ್ತದೆ.

ಆರ್‌ಸಿ ಡ್ರಿಲ್ಲಿಂಗೋ, ಕೋರ್ ಡ್ರಿಲ್ಲಿಂಗೋ?

ಆರ್‌ಸಿ ಎಂದರೆ ರಿವರ್ಸ್ ಸರ್ಕ್ಯುಲೇಷನ್. ನಮ್ಮೂರ ಬೋರ್‌ವೆಲ್ ಲಾರಿ ಗಾಳಿಯ ಒತ್ತಡದಲ್ಲಿ ಸುತ್ತಿಗೆ ಬಡಿದು ಕೊರೆಯುವ ಹಾಗೆಯೇ ಇದೂ ಕೊರೆಯುತ್ತದೆ. ವ್ಯತ್ಯಾಸ ಪೈಪಿನಲ್ಲಿದೆ. ಬೋರ್‌ವೆಲ್‌ನಲ್ಲಿ ಪುಡಿ ಪೈಪಿನ ಹೊರಗೆ, ತೂತಿನ ಗೋಡೆಗೆ ತಾಗುತ್ತಾ ಮೇಲೆ ಬರುವುದರಿಂದ ಯಾವ ಆಳದ್ದೆಂದು ಹೇಳಲಾಗದು. ಆರ್‌ಸಿಯಲ್ಲಿ ಒಂದರೊಳಗೊಂದು ಎರಡು ಪೈಪು. ಪುಡಿ ಒಳಪೈಪಿನಲ್ಲಿ ಬಂದು ಸೈಕ್ಲೋನ್‌ಗೆ (ಗಾಳಿಯಿಂದ ಪುಡಿಯನ್ನು ಬೇರ್ಪಡಿಸುವ ಡಬ್ಬಕ್ಕೆ) ಬೀಳುತ್ತದೆ, ಮೀಟರ್ ಮೀಟರಿಗೆ ಬೇರೆ ಚೀಲ. 140 ಮಿಲಿಮೀಟರ್ ಬೋರಿನ ಒಂದು ಮೀಟರಿಗೆ 40 ಕಿಲೊಗೂ ಹೆಚ್ಚು ಸ್ಯಾಂಪಲ್ ಸಿಗುತ್ತದೆ. ವೇಗ, ಅಗ್ಗ, ಸ್ಯಾಂಪಲ್ ದೊಡ್ಡದು. ಗ್ರೇಡ್ ಕಂಟ್ರೋಲ್‌ಗೆ ನನ್ನ ಮತ ಇದಕ್ಕೇ, ಬೋರ್ ಒಣಗಿರುವ ತನಕ. ನೀರು ಬಂದರೆ ಪುಡಿ ಕೆಸರಾಗಿ ಒಂದು ಮೀಟರಿನದು ಇನ್ನೊಂದಕ್ಕೆ ಅಂಟುತ್ತದೆ. ಆಗ ನಿಲ್ಲಿಸುವುದೇ ಲೇಸು.

ಕೋರ್ ಡ್ರಿಲ್ಲಿಂಗ್‌ನಲ್ಲಿ ಕಲ್ಲು ಪುಡಿಯಾಗದೆ ಕಂಬಿಯ ಹಾಗೆ ಇಡಿಯಾಗಿ ಹೊರಬರುತ್ತದೆ. ಅದು ನಿಧಾನ, ದುಬಾರಿ. ಆದರೆ ಎಳೆ ಯಾವ ಕೋನದಲ್ಲಿದೆ, ಖನಿಜದ ಕಾಳು ಎಷ್ಟು ದಪ್ಪ, ಕಲ್ಲು ಎಷ್ಟು ಕೊಳೆತಿದೆ ಎಂಬುದು ಕೋರ್‌ನಲ್ಲಿ ಮಾತ್ರ ಕಣ್ಣಿಗೆ ಕಾಣುತ್ತದೆ. ಇನ್‌ಫಿಲ್‌ನಲ್ಲಿ ಎರಡೂ ಬೇಕು. ಕೆಲವು ಕಡೆ ಅಕ್ಕಪಕ್ಕ ಎರಡೂ ಬಗೆಯ ಬೋರ್ ಹಾಕಿ ಹೋಲಿಸುತ್ತಾರೆ.

ಒಂದೇ ಕೋರ್‌ನ ಎರಡು ಅರ್ಧಗಳ ಗ್ರೇಡ್ ಅಷ್ಟು ಬೇರೆ ಬೇರೆ ಬರುವುದು ಲ್ಯಾಬಿನ ತಪ್ಪೇ?

ಹೆಚ್ಚಿನ ಸಲ ಅಲ್ಲ. ಎಚ್‌ಕ್ಯೂ ಎಂಬ ಅಳತೆಯ ಕೋರ್‌ನ ವ್ಯಾಸ 63.5 ಮಿಲಿಮೀಟರ್. ಒಂದು ಮೀಟರ್ ಕೋರ್ ಸುಮಾರು 8.5 ಕಿಲೊ, ಅರ್ಧ ಸೀಳಿದರೆ 4.3 ಕಿಲೊ ತೂಗುತ್ತದೆ. ಅದರಲ್ಲಿ ಒಂದೇ ಒಂದು ಘನ ಸೆಂಟಿಮೀಟರ್ ಗಾತ್ರದ ಶೀಲೈಟ್ ಕಾಳು ಇದೆ ಎನ್ನಿ. ಅದರ ತೂಕ 6 ಗ್ರಾಂ, ಅದರಲ್ಲಿ ಟ್ರೈಆಕ್ಸೈಡ್ ಶೇ 80ರಷ್ಟು, ಅಂದರೆ 4.8 ಗ್ರಾಂ. ಆ ಒಂದು ಕಾಳೇ ಆ ಅರ್ಧದ ಗ್ರೇಡನ್ನು ಶೇ 0.11ಕ್ಕೆ ಏರಿಸುತ್ತದೆ. ನಮ್ಮ ಕಲ್ಪಿತ ಕಟ್-ಆಫ್ 0.08 ಇತ್ತಲ್ಲ, ಅದನ್ನು ದಾಟಿಯಾಯಿತು. ಇನ್ನೊಂದು ಅರ್ಧದಲ್ಲಿ ಕಾಳಿಲ್ಲ, ಗ್ರೇಡ್ ಸೊನ್ನೆ. ಗರಗಸ ಕೋರನ್ನು ಯಾವ ಕಡೆಯಿಂದ ಸೀಳಿತು ಎಂಬುದರ ಮೇಲೆ ಅದು ಅದಿರೋ ವೇಸ್ಟೋ ಎಂದು ತೀರ್ಮಾನವಾಗಿಬಿಡುತ್ತದೆ!

ಚಿನ್ನದ ಗಣಿಯವರಿಗೆ ಇದು ಹಳೆಯ ಪರಿಚಯ, ನಗೆಟ್ ಎಫೆಕ್ಟ್. ಫ್ರೆಂಚ್ ವಿಜ್ಞಾನಿ ಪಿಯರ್ ಜೀ ಇದಕ್ಕೆ ಗಣಿತ ಕಟ್ಟಿಕೊಟ್ಟರು. ಅವರ ಸೂತ್ರದಲ್ಲಿ ಸ್ಯಾಂಪಲಿಂಗ್‌ನ ಮೂಲ ವ್ಯತ್ಯಯ ಅತಿ ದಪ್ಪ ಚೂರಿನ ಅಳತೆಯ ಘನದ ಜೊತೆ ಏರುತ್ತದೆ, ಸ್ಯಾಂಪಲ್‌ನ ತೂಕ ಹೆಚ್ಚಾದಂತೆ ಇಳಿಯುತ್ತದೆ. ಹಾಗಾಗಿ ಕೆಲಸದ ಕ್ರಮ ಇಷ್ಟು: ದೊಡ್ಡ ಸ್ಯಾಂಪಲ್ ತೆಗೆದುಕೊಳ್ಳಿ, ಇಡಿಯಾಗಿ ಸಣ್ಣಗೆ ಒಡೆಯಿರಿ, ಆಮೇಲೆ ಮಾತ್ರ ಭಾಗ ಮಾಡಿ. ಒಡೆಯುವ ಮೊದಲೇ ಭಾಗ ಮಾಡಿದರೆ ಲ್ಯಾಬ್ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿಲ್ಲ.

ಲ್ಯಾಬಿನ ಕಡೆ ಏನು ಎಚ್ಚರ ವಹಿಸಬೇಕು?

ಮುಖ್ಯವಾಗಿ ಎರಡು. ಮಾಮೂಲಿ ನಾಲ್ಕು ಆಸಿಡ್‌ಗಳ ವಿಧಾನದಲ್ಲಿ ಟಂಗ್‌ಸ್ಟನ್ ಖನಿಜಗಳು ಪೂರ್ತಿ ಕರಗುವುದಿಲ್ಲ, ಗ್ರೇಡ್ ಕಡಿಮೆ ಬರುತ್ತದೆ. ಬೋರೇಟ್ ಅಥವಾ ಪೆರಾಕ್ಸೈಡ್ ಜೊತೆ ಕುಲುಮೆಯಲ್ಲಿ ಕರಗಿಸುವ ಫ್ಯೂಷನ್ ವಿಧಾನ, ಆಮೇಲೆ ಎಕ್ಸ್‌ಆರ್‌ಎಫ್ ಅಥವಾ ಐಸಿಪಿ ಉಪಕರಣದಲ್ಲಿ ಅಳತೆ ಎಂದು ಆರ್ಡರ್‌ನಲ್ಲೇ ಬರೆದುಕೊಡಿ.

ಎರಡನೆಯದು ಸ್ವಲ್ಪ ತಮಾಷೆಯದು. ಕಲ್ಲನ್ನು ಪುಡಿಮಾಡುವ ಬಟ್ಟಲು ಟಂಗ್‌ಸ್ಟನ್ ಕಾರ್ಬೈಡ್‌ನದ್ದಾಗಿದ್ದರೆ ಬಟ್ಟಲೇ ಸವೆದು ಸ್ಯಾಂಪಲ್‌ಗೆ ಟಂಗ್‌ಸ್ಟನ್ ಸೇರಿಸುತ್ತದೆ! ಬೇರೆ ಹೆಚ್ಚಿನ ಲೋಹದ ಗಣಿಗಳಿಗೆ ಇಲ್ಲದ ಪೀಕಲಾಟ. ಸ್ಟೀಲ್ ಬಟ್ಟಲೇ ಬೇಕು. ಡ್ರಿಲ್ ಬಿಟ್‌ನ ತುದಿಯಲ್ಲಿ ಕಲ್ಲು ಒಡೆಯುವ ಬಟನ್‌ಗಳೂ ಅದೇ ಕಾರ್ಬೈಡ್. ಮುರಿದ ಬಿಟ್‌ನ ಚೂರು ಚೀಲಕ್ಕೆ ಬಿದ್ದರೆ ಆ ಮೀಟರ್ 'ಭಾರಿ ಶ್ರೀಮಂತ' ಅದಿರಾಗಿ ಕಾಣುತ್ತದೆ. ಬಿಟ್ ಬದಲಾಯಿಸಿದ ಆಳವನ್ನು ಡ್ರಿಲ್ಲರ್ ಬರೆದಿಡಬೇಕೆನ್ನುವುದು ಇದಕ್ಕೇ. ಅದರ ಜೊತೆಗೆ ಏನೂ ಇಲ್ಲದ ಬ್ಲ್ಯಾಂಕ್, ಗ್ರೇಡ್ ಗೊತ್ತಿರುವ ಸ್ಟ್ಯಾಂಡರ್ಡ್, ಒಂದೇ ಕಲ್ಲಿನ ಜೋಡಿ ಸ್ಯಾಂಪಲ್, ಈ ಮೂರನ್ನೂ ಲ್ಯಾಬಿಗೆ ಸುಳಿವು ಕೊಡದೆ ನಡುನಡುವೆ ಸೇರಿಸುವುದು ಎಲ್ಲೆಡೆ ಇರುವ ಪದ್ಧತಿ.

ಅಲ್ಟ್ರಾವಯಲೆಟ್ ದೀಪದಲ್ಲಿ ಅದಿರು ಹೊಳೆಯುತ್ತದಂತೆ. ಅಷ್ಟೇ ಸಾಲದೇ?

ಶೀಲೈಟ್ 254 ನ್ಯಾನೊಮೀಟರ್ ದೀಪದಡಿ ನೀಲಿ ಬಿಳುಪಾಗಿ ಹೊಳೆಯುತ್ತದೆ. ಮಾಲಿಬ್ಡಿನಂ ಬೆರೆತಿದ್ದರೆ ಹಳದಿಗೆ ತಿರುಗುತ್ತದೆ. ಆಸ್ಟ್ರಿಯಾದ ಫೆಲ್ಬರ್ಟಾಲ್ ನಿಕ್ಷೇಪವನ್ನು 1967ರಲ್ಲಿ ಪತ್ತೆ ಮಾಡಿದ್ದು ಇಂಥ ದೀಪದ ಸಹಾಯದಿಂದಲೇ. ರಾತ್ರಿ ಪಾಳಿಯಲ್ಲಿ ಬೆಂಚಿನ ಗೋಡೆಗೆ ದೀಪ ಹಿಡಿದರೆ ಎಳೆಗಳ ನಕ್ಷೆ ತಾನೇ ಬಿಡಿಸಿಕೊಂಡ ಹಾಗಿರುತ್ತದೆ.

ಆದರೆ ವೋಲ್ಫ್ರಮೈಟ್ ಹೊಳೆಯುವುದಿಲ್ಲ. ಶೀಲೈಟ್ ಹೆಚ್ಚಿರುವ ಬರ್ರುಯೆಕೊಪಾರ್ದೊದಲ್ಲಿ ದೀಪ ಒಳ್ಳೆಯ ಸಂಗಾತಿ, ಎರಡೂ ಇರುವ ಮೌಂಟ್ ಕಾರ್ಬೈನ್‌ನಲ್ಲಿ ಅರ್ಧ ಸತ್ಯ ಹೇಳುತ್ತದೆ, ಕಬ್ಬಿಣ ಹೆಚ್ಚಿರುವ ವೋಲ್ಫ್ರಮೈಟ್‌ನ ಹೆಮರ್ಡನ್‌ನಲ್ಲಿ ಬಹುಪಾಲು ಮೌನ. ಕ್ಯಾಲ್ಸೈಟ್, ಫ್ಲೋರೈಟ್, ಕೊನೆಗೆ ರಿಗ್‌ನ ಗ್ರೀಸ್ ಕೂಡ ಹೊಳೆದು ಮೋಸ ಮಾಡುತ್ತವೆ. ಈ ದೀಪದ ಕಿರಣ ಕಣ್ಣಿಗೆ ಹಾನಿಕರ; ಕನ್ನಡಕವಿಲ್ಲದೆ ಹಚ್ಚಬೇಡಿ.

ಬೋರ್, ಲ್ಯಾಬ್ ಎಲ್ಲ ಸರಿಯಾಯಿತು. ಬ್ಲಾಸ್ಟ್ ಆದ ಮೇಲೆ ಅದಿರು, ವೇಸ್ಟ್ ನಡುವಿನ ಗಡಿ ಹಾಗೇ ಇರುತ್ತದೆಯೇ?

ಇರುವುದಿಲ್ಲ. ಸ್ಫೋಟಕ್ಕೆ ಕಲ್ಲು ಉಬ್ಬಿ ತೆರೆದ ಕಡೆಗೆ ಸರಿಯುತ್ತದೆ. 10 ಮೀಟರ್ ಅಗಲದ ಅದಿರಿನ ಪಟ್ಟಿ 3 ಮೀಟರ್ ಸರಿದಿದೆ ಎನ್ನಿ. ಹಳೆಯ ಗುರುತಿನ ಪ್ರಕಾರವೇ ಎಕ್ಸ್‌ಕವೇಟರ್ ಅಗೆದರೆ ಅದಿರಿನಲ್ಲಿ ಶೇ 30 ವೇಸ್ಟಿಗೆ ಹೋಯಿತು, ಅಷ್ಟೇ ವೇಸ್ಟ್ ಪ್ಲಾಂಟಿಗೆ ಬಂತು. ಬೋರಿಗೆ, ಲ್ಯಾಬಿಗೆ ಸುರಿದ ಹಣವೆಲ್ಲ ಆ ಒಂದು ಕ್ಷಣದಲ್ಲಿ ನೀರುಪಾಲು. ಕೆಲವು ಗಣಿಗಳಲ್ಲಿ ಬ್ಲಾಸ್ಟ್‌ಗೆ ಮೊದಲು ತೂತಿನಲ್ಲಿ ಚೆಂಡಿನಂಥ ಸಂವೇದಕಗಳನ್ನು ಇಟ್ಟು, ಆಮೇಲೆ ಅವು ಎಲ್ಲಿಗೆ ಸರಿದಿವೆ ಎಂದು ಪತ್ತೆಮಾಡಿ ಗಡಿಯನ್ನು ಅಷ್ಟೇ ಸರಿಸುತ್ತಾರೆ. ಸಾಧ್ಯವಿದ್ದಲ್ಲಿ ಎಳೆಗಳ ಉದ್ದಕ್ಕೆ ಕಲ್ಲು ಸರಿಯುವ ಹಾಗೆ ಬ್ಲಾಸ್ಟ್ ಜೋಡಿಸುವುದು ಇನ್ನೂ ಜಾಣತನ. ಅಡ್ಡಡ್ಡ ಬೆರಕೆ ಕಡಿಮೆಯಾಗುತ್ತದೆ.

ಬ್ಲಾಕ್ ಮಾಡೆಲ್, ಕ್ರಿಗಿಂಗ್ ಬಗ್ಗೆ ಏನೂ ಹೇಳಲಿಲ್ಲವಲ್ಲ?

ಗಣಿಯನ್ನು ಬ್ಲಾಕ್‌ಗಳಾಗಿ ಭಾಗಿಸಿ, ಸುತ್ತಲಿನ ಬೋರ್‌ಗಳ ಗ್ರೇಡ್‌ನಿಂದ ಪ್ರತಿ ಬ್ಲಾಕಿನ ಗ್ರೇಡ್ ಅಂದಾಜು ಮಾಡುವ ಲೆಕ್ಕ ಅದು, ಬೇರೆಯದೇ ದೊಡ್ಡ ವಿಷಯ. ಇಲ್ಲಿ ಒಂದು ಮಾತು ಸಾಕು: ಒಂದು ವಿಪರೀತ ಎತ್ತರದ ಗ್ರೇಡ್ ಸುತ್ತಲಿನ ಬ್ಲಾಕ್‌ಗಳಿಗೆಲ್ಲ ಬಣ್ಣ ಬಳಿಯದ ಹಾಗೆ ಮಿತಿ ಹಾಕಿ, ಎಳೆಗಳ ದಿಕ್ಕಿನಲ್ಲೇ ಲೆಕ್ಕ ಹರಿಯುವ ಹಾಗೆ ನೋಡಿಕೊಳ್ಳಿ.

ಎಕ್ಸ್-ರೇ ಸಾರ್ಟರ್ ಇದ್ದರೆ ಗ್ರೇಡ್ ಕಂಟ್ರೋಲ್ ಬೇಕೇ ಬೇಕೆ?

ಟಂಗ್‌ಸ್ಟನ್‌ನ ಪರಮಾಣು ಸಂಖ್ಯೆ 74. ಎಕ್ಸ್-ರೇಯನ್ನು ಅದು ಬೆಣಚು, ಗ್ರಾನೈಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಹೀರುವುದರಿಂದ, ಬೆಲ್ಟ್ ಮೇಲೆ ಓಡುವ ಕಲ್ಲಿನ ಚೂರುಗಳಲ್ಲಿ ಅದಿರಿರುವುದನ್ನು ಯಂತ್ರ ಗುರುತಿಸಿ ಗಾಳಿಯ ಚಿಮ್ಮುಗೆಯಿಂದ ಬೇರೆ ಮಾಡುತ್ತದೆ. ಖನಿಜ ಎಳೆಯಲ್ಲಿ ದಪ್ಪಗೆ ಕೂತಿರುವ ಕಡೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಮೌಂಟ್ ಕಾರ್ಬೈನ್‌ನಲ್ಲಿ 1980ರ ದಶಕದವರೆಗಿನ ಗಣಿಗಾರಿಕೆಯ ಕಾಲದಲ್ಲಿ ಪಕ್ಕಕ್ಕೆ ಸುರಿದ ಸುಮಾರು 1.2 ಕೋಟಿ ಟನ್ ಕಡಿಮೆ ಗ್ರೇಡ್ ಕಲ್ಲಿನ ರಾಶಿಗೆ ಇಂದು ಬೆಲೆ ಬಂದಿರುವುದು ಈ ಯಂತ್ರದಿಂದ. ಅಲ್ಲಿ ಆಗಲೂ ಬಣ್ಣ ನೋಡಿ ಬೇರ್ಪಡಿಸುವ ಸಾರ್ಟರ್ ಇತ್ತು.

ಹಾಗೆಂದು ಗ್ರೇಡ್ ಕಂಟ್ರೋಲ್ ಕೈಬಿಡಲಾಗದು. ಗಡಿ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೆ. ಸಾರ್ಟರ್ ಒಳಗೆ ಹೋದ ಕಲ್ಲನ್ನು ಮಾತ್ರ ನೋಡುತ್ತದೆ. ವೇಸ್ಟ್ ಡಂಪ್ ಕಡೆ ತಿರುಗಿದ ಡಂಪರ್ ಅದಕ್ಕೆ ಕಾಣುವುದಿಲ್ಲ. ಬ್ಲಾಸ್ಟ್‌ನಲ್ಲೇ ಪುಡಿಯಾಗಿ ಅದರ ಅಳತೆಗಿಂತ ಸಣ್ಣದಾದ ಚೂರುಗಳನ್ನೂ ಅದು ಮುಟ್ಟುವುದಿಲ್ಲ. ಶೀಲೈಟ್ ಸುಲಭಕ್ಕೆ ಒಡೆಯುವ ಖನಿಜವಾದ್ದರಿಂದ ಆ ಸಣ್ಣ ಚೂರುಗಳಲ್ಲೇ ಗ್ರೇಡ್ ಹೆಚ್ಚಿರುವುದುಂಟು.

ಗ್ರೇಡ್ ಸರಿಯಿದ್ದರೂ ಗಣಿ ಮುಚ್ಚಬಹುದೇ?

ಹೆಮರ್ಡನ್ ನೋಡಿ. ಅಲ್ಲಿ ಅದಿರು ಸಿಕ್ಕಿದ್ದು 1867ರಲ್ಲಿ, ಎರಡು ಮಹಾಯುದ್ಧಗಳ ಕಾಲದಲ್ಲೂ ಗಣಿ ನಡೆದಿತ್ತು. ವೋಲ್ಫ್ ಮಿನರಲ್ಸ್ ಕಂಪನಿ ಡ್ರೇಕ್‌ಲ್ಯಾಂಡ್ಸ್ ಎಂಬ ಹೆಸರಲ್ಲಿ 2015ರಲ್ಲಿ ತೆರೆಯಿತು, 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಮೇಲ್ಪದರದ ಗ್ರಾನೈಟ್ ಕೊಳೆತು ಮೆತ್ತಗಾಗಿ ಜೇಡಿಯಾಗಿತ್ತು, ಖನಿಜ ನುಣುಪು ಪುಡಿಯಲ್ಲಿ ಕಳೆದುಹೋಗುತ್ತಿತ್ತು, ಕಬ್ಬಿಣದ ಆಕ್ಸೈಡ್ ಕಾನ್ಸಂಟ್ರೇಟನ್ನು ಕೆಡಿಸುತ್ತಿತ್ತು. ಕಲ್ಲಿನಲ್ಲಿ ಟಂಗ್‌ಸ್ಟನ್ ಇತ್ತು. ಪ್ಲಾಂಟಿನಿಂದ ಅಂದುಕೊಂಡಷ್ಟು ಹೊರಬರಲಿಲ್ಲ. ಟಂಗ್‌ಸ್ಟನ್ ಬೆಲೆಯೂ ಕೈಕೊಟ್ಟಿತ್ತು.

ಇನ್‌ಫಿಲ್ ಕೋರ್ ಲಾಗ್‌ನಲ್ಲಿ ಗ್ರೇಡ್ ಪಕ್ಕದಲ್ಲೇ ಇನ್ನೂ ನಾಲ್ಕು ಕಾಲಂ ಇರಬೇಕು ಎಂದು ನಾನು ಹಟ ಹಿಡಿಯುವುದು ಇದರಿಂದ: ಕಲ್ಲಿನ ಗಟ್ಟಿತನ, ಜೇಡಿ, ಕಬ್ಬಿಣ, ಖನಿಜದ ಕಾಳಿನ ಗಾತ್ರ. ಎರಡು ಬ್ಲಾಕ್‌ಗಳ ಗ್ರೇಡ್ ಒಂದೇ ಇದ್ದು, ಒಂದರಿಂದ ಶೇ 75 ಹೊರಬಂದು ಇನ್ನೊಂದರಿಂದ 45 ಬಂದರೆ ಅವೆರಡನ್ನೂ ಒಂದೇ ಬಣ್ಣದಲ್ಲಿ ನಕ್ಷೆಗೆ ಹಾಕುವುದು ನ್ಯಾಯವಲ್ಲ.

ಬೆಲೆ ಏರಿದರೆ ಮತ್ತೆ ಕೊರೆಯಬೇಕೇ?

ಜಗತ್ತಿನ ಟಂಗ್‌ಸ್ಟನ್‌ನಲ್ಲಿ ಸುಮಾರು ಶೇ 80 ಬರುವುದು ಚೀನಾದಿಂದ. 2025ರ ಫೆಬ್ರುವರಿಯಲ್ಲಿ ಅದು ರಫ್ತಿಗೆ ಲೈಸೆನ್ಸ್ ನಿಯಮ ತಂದ ಮೇಲೆ ಬೆಲೆ ಜೋರಾಗಿ ಏರಿತು. ಬೆಲೆ ಏರಿದರೆ ಕಟ್-ಆಫ್ ಇಳಿಯುತ್ತದೆ, ನಿನ್ನೆಯ ವೇಸ್ಟ್ ಇಂದು ಅದಿರಾಗುತ್ತದೆ. ಆಗ ಹಳೆಯ ಬೋರ್‌ಗಳ ಕಡತ ತೆರೆದರೆ ಕಾಣುವ ದೋಷ ಒಂದೇ: ಕಣ್ಣಿಗೆ ಕಂಡ ಎಳೆಗಳನ್ನು ಮಾತ್ರ ಲ್ಯಾಬಿಗೆ ಕಳಿಸಿ, ನಡುವಿನ ಕಲ್ಲನ್ನು ಬಿಟ್ಟಿರುತ್ತಾರೆ. ಬೋರಿನ ಪ್ರತಿ ಮೀಟರನ್ನೂ ಪರೀಕ್ಷಿಸಿದ್ದರೆ ಹೊಸದಾಗಿ ಕೊರೆಯುವ ಅಗತ್ಯವೇ ಬಹುಪಾಲು ಬೀಳುವುದಿಲ್ಲ.

ಕರ್ನಾಟಕದಲ್ಲಿ ಟಂಗ್‌ಸ್ಟನ್ ಇದೆಯೇ?

ಇದೆ. ಭಾರತೀಯ ಗಣಿ ಬ್ಯೂರೊದ 2015ರ ಲೆಕ್ಕದಲ್ಲಿ ದೇಶದ ಟಂಗ್‌ಸ್ಟನ್ ಅದಿರಿನ ಸಂಪನ್ಮೂಲದಲ್ಲಿ ಸುಮಾರು ಶೇ 42 ಕರ್ನಾಟಕದ್ದು. ನಂತರದ ಸ್ಥಾನ ದೇಗಾನಾ ನಿಕ್ಷೇಪವಿರುವ ರಾಜಸ್ಥಾನದ್ದು. ಕೋಲಾರದ ಚಿನ್ನದ ಬೆಣಚಿನ ಜೊತೆ ಶೀಲೈಟೂ ಬಂದಿತ್ತು, ಚಿನ್ನ ತೆಗೆದ ಮೇಲೆ ಅದು ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಸೇರಿತು.

ಆದರೆ ಅಲ್ಲಿನ ಕೊರೆತ ಬೇರೆಯೇ ಆಟ. ದಿಬ್ಬದಲ್ಲಿ ಎಳೆ ಇಲ್ಲ, ದಿಕ್ಕು ಇಲ್ಲ, ಕಲ್ಲು ಆಗಲೇ ಪುಡಿಯಾಗಿದೆ. ದಪ್ಪ ಕಾಳಿನ ಜೂಜೂ ಇಲ್ಲ. ನೆಟ್ಟಗೆ ಬೋರ್ ಹಾಕಿದರೆ ಸಾಕು. ತೇವಾಂಶ, ಸಾಂದ್ರತೆ, ಯಾವ ಕಾಲದಲ್ಲಿ ಯಾವ ಪದರ ಬಿತ್ತು ಎಂಬುದನ್ನು ಅಳೆಯುವುದು ಮುಖ್ಯ. ಕಷ್ಟವಿರುವುದು ಆ ನುಣುಪು ಪುಡಿಯಿಂದ ಶೀಲೈಟನ್ನು ಲಾಭಕ್ಕೆ ಹೊರತೆಗೆಯುವುದರಲ್ಲಿ.

ತಿಂಗಳ ಕೊನೆಗೆ ಗ್ರೇಡ್ ಕಂಟ್ರೋಲ್ ಲೆಕ್ಕ, ಪ್ಲಾಂಟ್ ಲೆಕ್ಕ ತಾಳೆಯಾಗದಿದ್ದರೆ ಯಾರನ್ನು ನಂಬಬೇಕು?

ಒಂದು ತಿಂಗಳ ವ್ಯತ್ಯಾಸಕ್ಕೆ ಯಾರನ್ನೂ ದೂರಬೇಡಿ. ರಾಶಿಯಲ್ಲಿ ಉಳಿದ ಅದಿರು, ಬೆಲ್ಟ್ ತೂಕದ ದೋಷ, ತೇವಾಂಶ ಎಲ್ಲ ಸೇರಿರುತ್ತವೆ. ಮೂರು ತಿಂಗಳು ಒಂದೇ ಕಡೆಗೆ ವಾಲಿದರೆ ಮಾತ್ರ ಹುಡುಕಲು ಹೊರಡಿ. ಟನ್ ಹೆಚ್ಚು, ಗ್ರೇಡ್ ಕಡಿಮೆ, ಆದರೆ ಒಟ್ಟು ಟ್ರೈಆಕ್ಸೈಡ್ ಸರಿಯಿದ್ದರೆ ವೇಸ್ಟ್ ಬೆರೆಯುತ್ತಿದೆ: ಬ್ಲಾಸ್ಟ್, ಎಕ್ಸ್‌ಕವೇಟರ್ ಕಡೆ ನೋಡಿ. ಟನ್ ಸರಿ, ಗ್ರೇಡ್ ಮಾತ್ರ ಕಡಿಮೆ ಎಂದಾದರೆ ಸ್ಯಾಂಪಲ್ ಕಡೆ, ಬೋರಿನ ದಿಕ್ಕಿನ ಕಡೆ ನೋಡಿ. ಪ್ಲಾಂಟಿಗೆ ಹೋದ ಅದಿರಿನ ಗ್ರೇಡನ್ನು ಕಾನ್ಸಂಟ್ರೇಟ್ ಮತ್ತು ಟೇಲಿಂಗ್ಸ್ ಎರಡನ್ನೂ ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕಿ. ಟೇಲಿಂಗ್ಸ್ ಸ್ಯಾಂಪಲ್ ತೆಗೆಯುವಲ್ಲೇ ಸಡಿಲ ಬಿಟ್ಟಿದ್ದರೆ ಆ ಲೆಕ್ಕವೂ ನಂಬಿಕೆಗೆ ಅರ್ಹವಲ್ಲ. ಮೊದಲು ಅದನ್ನು ಸರಿಪಡಿಸಿಕೊಳ್ಳಿ.